ಬೆಳಿಗ್ಗೆ ಮಾತಾಡದ ಪೆಟ್ಟಿಗೆ

ನನ್ನ ಗಂಡ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವರ ತಾಳ್ಮೆಯನ್ನು ಹೊಗಳಿದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಊಟದ ಸಾಲಿನಲ್ಲಿ ಕೂತ ಒಬ್ಬರು, ಅಂಥ ಸಮಾಧಾನದ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಹೇಳಿದ್ದು ಒಳಕೋಣೆಯಲ್ಲಿದ್ದ ನನಗೆ ಕೇಳಿಸಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಪಕ್ಕದಲ್ಲಿದ್ದವರು ಬೆನ್ನು ಸವರಿದರು. ನಗು ಇನ್ನೂ ಜಾಸ್ತಿಯಾಯಿತು, ಅವರು ಇನ್ನೂ ಜೋರಾಗಿ ಸವರಿದರು.

ರೇಡಿಯೋ ಹಾಡದಿದ್ದರೆ ಅದರ ಕೆನ್ನೆಗೆ ಬಾರಿಸುತ್ತಿದ್ದ ಮನುಷ್ಯ ಅವರು. ಸ್ಕ್ರೂ ಒಂದು ಕೈತಪ್ಪಿ ಬಿದ್ದರೆ ಅದರ ಅಪ್ಪ ಅಮ್ಮನನ್ನೆಲ್ಲ ನೆನಪು ಮಾಡುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುವುದು ಸರಿ. ಆದರೆ ಎಲ್ಲರೂ ಸೇರಿ ಹೊಗಳಿದ ಆ ಸಮಾಧಾನದ ಮನುಷ್ಯ ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದವನಿಗಾಗಿ ಅಳುವುದು ಹೇಗೆ? ಹಾಗಾಗಿ ನನಗೆ ಗೊತ್ತಿದ್ದವರ ಬಗ್ಗೆ ನಾಲ್ಕು ಪುಟ ಬರೆದಿಡುತ್ತೇನೆ. ನಾನು ಎಂಟನೇ ಕ್ಲಾಸಿನವರೆಗೆ ಓದಿದವಳು, ಅಷ್ಟು ಸಾಕಾಗಬಹುದು.

ಮದುವೆಯಾಗಿ ಪಂಜದ ಕಡೆಯಿಂದ ಪುತ್ತೂರಿಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಅರವತ್ತರ ದಶಕದ ನಡುಭಾಗ ಅದು. ಇವರು ಆಗಷ್ಟೇ ತಮ್ಮ ಅಣ್ಣನ, ಅಂದರೆ ನನ್ನ ಭಾವನ, ಜೀನಸಿ ಅಂಗಡಿಯಿಂದ ಜಗಳ ಮಾಡಿಕೊಂಡು ಹೊರಗೆ ಬಂದಿದ್ದರು. ಅಂಚೆಯಲ್ಲಿ ಪಾಠ ತರಿಸಿ, ಮಂಗಳೂರಿನಲ್ಲಿ ಒಬ್ಬರ ಕೈಕೆಳಗೆ ಒಂದು ವರ್ಷ ದುಡಿದು ರೇಡಿಯೋ ರಿಪೇರಿ ಕಲಿತಿದ್ದರು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನಮ್ಮ ಬಾಡಿಗೆ ಮನೆ. ಅದರ ಎದುರು ಕೋಣೆಯೇ ಅಂಗಡಿ. ಅಲ್ಲಿ ಒಂದು ಮೇಜು, ಕರೆಂಟ್ ಅಳೆಯುವ ಒಂದು ಮೀಟರ್, ಮದುವೆ ನಾಟಕಗಳಿಗೆ ಬಾಡಿಗೆಗೆ ಕೊಡುವ ಒಂದು ಮೈಕ್ ಸೆಟ್ಟು. ಭಾವ ಮಾತ್ರ ತನ್ನ ಅಂಗಡಿಯಲ್ಲಿ ಇವರು ಕೂರುತ್ತಿದ್ದ ಸ್ಟೂಲನ್ನು ಯಾರಿಗೂ ಕೊಡದೆ ಖಾಲಿ ಇಟ್ಟಿದ್ದರು. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, ಇರಲಿ, ಅವನು ವಾಪಸ್ ಬಂದಾಗ ಬೇಕಲ್ಲ ಎನ್ನುತ್ತಿದ್ದರಂತೆ. ನನ್ನ ಗಂಡ ಕರೆಂಟಿಗೆ ಹೆದರಿದವರಲ್ಲ. ಆ ಸ್ಟೂಲಿಗೆ ಹೆದರುತ್ತಿದ್ದರು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಕಡಬದ ಕಡೆಯ ಒಬ್ಬರು ಒಂದು ಗಿಟಾರನ್ನೂ ಒಂದು ಪೆಟ್ಟಿಗೆಯನ್ನೂ ಹೊತ್ತುಕೊಂಡು ಬಸ್ಸಿಳಿದು ಬಂದರು. ಕ್ರಿಶ್ಚಿಯನರು. ಕೆಲವು ವರ್ಷ ಹಡಗಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದು ಊರಿಗೆ ಮರಳಿ, ಒಂದು ರಬ್ಬರ್ ತೋಟದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದರು. ತೋಟದಲ್ಲಿ ಆ ಕೆಲಸದವರಿಗೆ ರೈಟರು ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಗಿಟಾರ್ ಮತ್ತು ಪೆಟ್ಟಿಗೆ ಎರಡನ್ನೂ ಯಾವುದೋ ಬಂದರಿನಲ್ಲಿ ಒಬ್ಬ ಅಮೆರಿಕದ ಬಿಳಿ ನಾವಿಕನಿಂದ ಕೊಂಡದ್ದಂತೆ. ಪೆಟ್ಟಿಗೆ ಕೆಲಸ ಮಾಡುವುದನ್ನು ನಿಲ್ಲಿಸಿತ್ತು, ರಿಪೇರಿಗೆ ತಂದಿದ್ದರು.

ಪೆಟ್ಟಿಗೆ ಸಣ್ಣ ಟ್ರಂಕಿನಷ್ಟಿತ್ತು. ಮರದ್ದು, ಮೇಲೆ ಕಪ್ಪು ರೆಕ್ಸಿನ್, ಎದುರಿಗೆ ತಿರುಗಿಸುವ ಮೂರು ಗುಂಡಿಗಳು. ಒಳಗೆ ರೇಡಿಯೋದಲ್ಲಿರುವಂಥದೇ, ಸದ್ದನ್ನು ದೊಡ್ಡದು ಮಾಡುವ ಗಾಜಿನ ವಾಲ್ವುಗಳು. ತಳದಲ್ಲಿ ಒಂದು ರೆಕ್ಸಿನ್ ಚೀಲ, ಚೀಲದೊಳಗೆ ಮೊಳದುದ್ದದ ತಗಡಿನ ತಟ್ಟೆ, ತಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದ ಎರಡು ತೆಳ್ಳಗಿನ ಸ್ಪ್ರಿಂಗು. ಇವರು ಅದರ ಮೇಲೆ ಎರಡು ದಿನ ಕಣ್ಣು ನೆಟ್ಟು ಕೂತು, ಮೂರನೇ ದಿನ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಗಿಟಾರಿನ ಸದ್ದು ಕರೆಂಟಾಗಿ ಬಂದು ಸ್ಪ್ರಿಂಗಿನ ಒಂದು ತುದಿಯಲ್ಲಿರುವ ಸಾಸಿವೆಯಂಥ ಅಯಸ್ಕಾಂತವನ್ನು ನಡುಗಿಸುತ್ತದೆ. ಆ ನಡುಕ ಸ್ಪ್ರಿಂಗಿನುದ್ದಕ್ಕೂ ಓಡಿ, ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬಂದು, ಪುನಃ ಹೋಗಿ, ಸುಸ್ತಾಗುವವರೆಗೆ ಓಡಾಡುತ್ತದೆ. ಆ ತುದಿಯಲ್ಲಿರುವ ಇನ್ನೊಂದು ಅಯಸ್ಕಾಂತ ಅದನ್ನು ಹಿಡಿದು ಪುನಃ ಕರೆಂಟು ಮಾಡಿ ಕಳಿಸುತ್ತದೆ. ಕೇಳುವವನಿಗೆ, ಯಾರೋ ಬಾವಿಯೊಳಗೆ ಕೂತು ಗಿಟಾರ್ ಬಾರಿಸಿದ ಹಾಗೆ.

ಹಾಗಾದರೆ ಬಾವಿಯಲ್ಲೇ ಕೂತು ಬಾರಿಸಿದರೆ ಖರ್ಚು ಕಡಿಮೆಯಲ್ಲವಾ ಎಂದು ನಾನು ಕೇಳಿದೆ. ಆಮೇಲೆ ಒಂದು ವಾರ ಇವರು ನನಗೆ ಪಾಠ ಮಾಡಲಿಲ್ಲ. ನನಗೂ ಆರಾಮವಾಯಿತು.

ಆಗ ಅದರಲ್ಲಿದ್ದ ತೊಂದರೆ ಬಹಳ ಸಣ್ಣದು. ಒಂದು ತಂತಿ ಬೆಸುಗೆ ಬಿಟ್ಟಿತ್ತು. ಇವರು ಅದನ್ನು ಬೆಸೆದರು. ಅಮೆರಿಕದ ಪೆಟ್ಟಿಗೆಗೆ ನಮ್ಮ ಕರೆಂಟಿನ ಅರ್ಧ ಸಾಕಾದ್ದರಿಂದ ಒಂದು ಟ್ರಾನ್ಸ್‌ಫಾರ್ಮರನ್ನೂ ತಾವೇ ಸುತ್ತಿದರು. ಮೈಕ್ ಸೆಟ್ಟಿನ ಆಂಪ್ಲಿಫಯರಿಗೆ ಜೋಡಿಸಿದಾಗ ಗಿಟಾರ್ ನಿಜವಾಗಿಯೂ ಬಾವಿಯೊಳಗಿನಿಂದ ಹಾಡಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಲಸ ಮುಗಿದ ಮೇಲೆ ಇನ್ನೂ ಸ್ವಲ್ಪ ಮಾಡುವುದು ಇವರ ಅಭ್ಯಾಸ. ಕಡಲಿನ ಗಾಳಿ, ನಮ್ಮ ಮಳೆ ಎರಡೂ ಸೇರಿ ಸ್ಪ್ರಿಂಗುಗಳಲ್ಲಿ ಅಲ್ಲಲ್ಲಿ ತುಕ್ಕು ಹಿಡಿದದ್ದು ಇವರ ಕಣ್ಣಿಗೆ ಬಿತ್ತು. ನಮ್ಮಲ್ಲಿ ಕಬ್ಬಿಣದ ಯಾವ ಸಾಮಾನಿಗೇ ಆಗಲಿ ಎಣ್ಣೆ ಕಾಣಿಸದೆ ಮಳೆಗಾಲ ಕಳೆಯುವುದಿಲ್ಲ. ಕತ್ತಿ, ಗರಗಸ, ಬೀಗ, ಹೊಲಿಗೆ ಮೆಷಿನು ಎಲ್ಲಕ್ಕೂ ಅದೇ ಮದ್ದು. ಇವರು ಅಡಿಗೆಮನೆಗೆ ಬಂದು ಒಂದು ಗಿಂಡಿಯಲ್ಲಿ ಎಣ್ಣೆ ಕೊಂಡುಹೋಗಿ, ಕೋಳಿ ಪುಕ್ಕದಲ್ಲಿ ಸ್ಪ್ರಿಂಗಿಗೂ ತುದಿಗಳಿಗೂ ಧಾರಾಳವಾಗಿ ಸವರಿದರು. ಚೀಲದ ಬಾಯಿಯನ್ನು ನಾನು ಗೋಣಿಸೂಜಿಯಲ್ಲಿ ಹೊಲಿದೆ. ಗಟ್ಟಿ ಹೊಲಿ, ಇನ್ನು ಇದನ್ನು ಬಿಚ್ಚುವ ಕೆಲಸ ಇಲ್ಲ ಎಂದು ಹೇಳಿದ್ದು ಅವರೇ.

ರೈಟರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕ್ರಿಸ್ಮಸ್ ಕಳೆದ ಮೇಲೆ, ಜನವರಿಯಲ್ಲಿ ಅವರ ತಂಗಿಯ ಮದುವೆ. ಬೆಳಿಗ್ಗೆ ಪುತ್ತೂರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ, ಅದು ಮುಗಿದ ಕೂಡಲೇ ಪಕ್ಕದ ಹಾಲಿನಲ್ಲಿ ಸಮಾರಂಭ. ಗಂಡಿನ ಕಡೆಯವರು ಮಂಗಳೂರಿನವರು, ಅವರದ್ದೇ ಬ್ಯಾಂಡ್ ಬರುತ್ತದೆ, ಅವರದ್ದೇ ಮೈಕಿನವರೂ ಬರುತ್ತಾರೆ. ಕಡಬದಲ್ಲಿ ಸಂಗೀತವೆಂದರೆ ಏನೆಂದು ಗೊತ್ತುಂಟಾ ಎಂದು ನಿಶ್ಚಿತಾರ್ಥದ ದಿನ ಅವರಲ್ಲೊಬ್ಬರು ತಮಾಷೆ ಮಾಡಿದ್ದರಂತೆ. ಹಾಗಾಗಿ ಹೆಣ್ಣಿನ ಕಡೆಯಿಂದ ಎರಡು ಹಾಡು ರೈಟರು ಬಾರಿಸುವುದು, ಅದಕ್ಕೆ ಆಂಪ್ಲಿಫಯರ್ ನಮ್ಮದು ಎಂದು ಮಾತಾಯಿತು. ಇವರು ಅಷ್ಟಕ್ಕೇ ಸುಮ್ಮನಾಗದೆ, ಅಂಥ ಪೆಟ್ಟಿಗೆ ಇಡೀ ಜಿಲ್ಲೆಯಲ್ಲಿ ಒಂದೇ ಇರುವುದು, ಅದನ್ನು ಬಿಚ್ಚಿ ಕಟ್ಟಲು ತಿಳಿದವನೂ ಒಬ್ಬನೇ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ಭಾವನ ಅಂಗಡಿಯ ಎದುರು ನಿಂತು ಸ್ವಲ್ಪ ಜೋರಾಗಿಯೇ ಹೇಳಿದರು.

ರೈಟರ ಊರಿಗೆ ಆಗ ಕರೆಂಟ್ ಬಂದಿರಲಿಲ್ಲ. ಹಾಗಾಗಿ ಪೆಟ್ಟಿಗೆಯೂ ಗಿಟಾರೂ ನಮ್ಮಲ್ಲೇ ಉಳಿದವು. ಅಭ್ಯಾಸಕ್ಕೆ ಅವರು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಒಂಬತ್ತೂವರೆಯ ಬಸ್ಸಿಗೆ ವಾಪಸ್ ಹೋಗುತ್ತಿದ್ದರು. ಮಧ್ಯಾಹ್ನ ತೋಟದಲ್ಲಿ ರಬ್ಬರ್ ಹಾಲು ತೂಗುವ ಹೊತ್ತಿಗೆ ಅವರು ಅಲ್ಲಿರಬೇಕು. ನವೆಂಬರ್ ತಿಂಗಳಿಡೀ ಹೀಗೆ ವಾರಕ್ಕೊಂದು ಸಲ ಬಂದು ಬಾರಿಸಿ, ನನ್ನ ಕಾಫಿ ಕುಡಿದು ಹೋದರು. ಡಿಸೆಂಬರಿನ ಎರಡನೇ ವಾರ ಬಂದು ಬಾರಿಸಿದಾಗ ಗಿಟಾರ್ ಸದ್ದು ಮಾಡಿತು, ಬಾವಿ ಮಾತ್ರ ಕೇಳಿಸಲಿಲ್ಲ.

ಇವರು ಗುಂಡಿಗಳನ್ನೆಲ್ಲ ತಿರುಗಿಸಿದರು. ಪೆಟ್ಟಿಗೆಯ ಮೇಲೆ ಗುದ್ದಿದರು. ಸರಿಯಿದ್ದಾಗ ಹಾಗೆ ಗುದ್ದಿದರೆ ಸ್ಪ್ರಿಂಗು ಕುಣಿದು, ಮೈಕ್ ಸೆಟ್ಟಿನ ಸ್ಪೀಕರ್ ಕೊಂಬುಗಳಲ್ಲಿ ಗುಡುಗಿನಂಥ ಸದ್ದು ಬರುತ್ತಿತ್ತು. ಪಕ್ಕದ ಮನೆಯ ಮುದುಕಿ ಅದನ್ನು ಕೇಳಿ ಅಂಗಳದ ಹಪ್ಪಳ ಒಳಗೆ ತೆಗೆದದ್ದೂ ಉಂಟು. ಆ ದಿನ ಗುದ್ದಿದರೆ ಗೋಣಿಗೆ ಗುದ್ದಿದ ಹಾಗೆ. ರೈಟರು ಬೇಸರದಲ್ಲಿ ಬಸ್ಸಿಗೆ ಹೋದರು. ಇವರು ತಿಂಡಿ ಬಿಟ್ಟು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ ಕೂತರು. ಗುಡುಗು ಬರುವುದಿಲ್ಲವೆಂದರೆ ಸ್ಪ್ರಿಂಗಿನಿಂದ ಹೊರಬಂದ ಸದ್ದನ್ನು ಎತ್ತುವ ವಾಲ್ವು ಸತ್ತಿದೆ ಎಂದು ತೀರ್ಮಾನಿಸಿದರು. ಹಳೆಯ ರೇಡಿಯೋ ಒಂದರ ವಾಲ್ವು ಕಿತ್ತು ಹಾಕಿ, ಹನ್ನೆರಡೂವರೆಗೆ ಪೆಟ್ಟಿಗೆಗೆ ಗುದ್ದಿದರೆ ಗುಡುಗು ಬಂತು. ಮನೆಯಿಡೀ ನಡುಗಿತು. ಅನ್ನದ ಪಾತ್ರೆ ಕೆಳಗಿಟ್ಟು ಹೋಗಿ ನೋಡಿದರೆ ಇವರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

ಸಂಜೆ ಕಡಬಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಹತ್ತಿರ, ಪೆಟ್ಟಿಗೆ ಸರಿಯಾಗಿದೆ, ನಾಡಿದ್ದು ಬರಲಿ ಎಂದು ರೈಟರಿಗೆ ಹೇಳಿ ಕಳಿಸಿದರು. ಆಗ ನಮ್ಮ ಕಡೆ ತುರ್ತು ಸುದ್ದಿ ಹೋಗುವುದೇ ಹಾಗೆ. ಮದ್ದು, ಮಾತು, ಮದುವೆ ಕಾಗದ, ಚಪ್ಪಲಿ ಹೊಲಿಸಿದ್ದು ಎಲ್ಲವೂ ಕಂಡಕ್ಟರನ ಕೈಯಲ್ಲಿ. ಅದರಲ್ಲಿ ಒಂದು ತೊಂದರೆಯೆಂದರೆ, ಅವನಿಗೆ ಹೇಳಿದ ಮಾತು ರೈಟರಿಗೆ ಮುಟ್ಟುವ ಮೊದಲು ಕಾಣಿಯೂರಿನಲ್ಲಿ ಇಳಿಯುವವರಿಗೆಲ್ಲ ಮುಟ್ಟುತ್ತದೆ.

ರೈಟರು ಬಂದರು. ಬೆಳಿಗ್ಗೆ ಏಳೂವರೆ. ಪೆಟ್ಟಿಗೆ ಮಾತಾಡಲಿಲ್ಲ.

ಹೀಗೆ ಮೂರು ಸಲವಾಯಿತು. ರೈಟರು ಬಂದಾಗ ಇಲ್ಲ, ಹೋಗಿ ಎರಡು ಮೂರು ಗಂಟೆ ಕಳೆದ ಮೇಲೆ ಉಂಟು. ಪ್ರತಿ ಸಲವೂ ಆ ನಡುವೆ ಇವರು ಏನಾದರೊಂದನ್ನು ಬದಲಿಸಿರುತ್ತಿದ್ದರು. ಅದರಿಂದಲೇ ಸರಿಯಾಯಿತು ಎಂದು ಪ್ರತಿ ಸಲವೂ ನಂಬಿದರು. ಒಮ್ಮೆ ಕಂಡೆನ್ಸರ್, ಒಮ್ಮೆ ಬೆಸುಗೆಗಳೆಲ್ಲ ಪುನಃ. ಬೆಳಿಗ್ಗೆ ಆಚೆ ಬೀದಿಯ ಅಕ್ಕಿಮಿಲ್ಲು ಕರೆಂಟ್ ಎಳೆಯುತ್ತದೆ, ಅದರಿಂದ ವಾಲ್ವಿಗೆ ಶಕ್ತಿ ಸಾಲದು ಎಂಬ ಸಂಶಯವೂ ಬಂದು, ಮೀಟರ್ ಹಿಡಿದುಕೊಂಡು ಮಿಲ್ಲಿನವರ ಹತ್ತಿರ ಜಗಳಕ್ಕೆ ಹೋದರು. ಮಿಲ್ಲು ಶುರುವಾಗುವುದೇ ಹತ್ತು ಗಂಟೆಗೆ ಎಂದು ಅವರು ಹೇಳಿದ ಮೇಲೆ, ಎರಡು ಸೇರು ಅಕ್ಕಿ ಕೊಂಡು ವಾಪಸ್ ಬಂದರು. ಕೆಲವು ಬೆಳಿಗ್ಗೆ ತಾವೇ ಬೇಗ ಎದ್ದು ಪರೀಕ್ಷೆ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ನನ್ನ ಗಂಡನನ್ನು ಎಂಟು ಗಂಟೆಗೆ ಮುಂಚೆ ಎಬ್ಬಿಸಿ ನೋಡಿದವರಲ್ಲ. ರೈಟರು ಬಂದ ದಿನಗಳಲ್ಲಿ ಮಾತ್ರ ನಾನು ಎಬ್ಬಿಸುತ್ತಿದ್ದೆ, ಅದೂ ನೀರು ಚಿಮುಕಿಸಿ.

ಚೀಲ ಬಿಚ್ಚಿ ಸ್ಪ್ರಿಂಗನ್ನೊಮ್ಮೆ ನೋಡಬಾರದಾ ಎಂದು ನಾನು ಒಂದು ಸಲ ಕೇಳಿದೆ. ಆ ತಟ್ಟೆ ತಾನೇ ಸರಿ ಮಾಡಿದ್ದು, ತಾನು ಸರಿ ಮಾಡಿದ್ದರಲ್ಲಿ ಹುಡುಕುವುದು ಎಂತ ಇದೆ ಎಂದರು. ಹೊಲಿದವಳು ನಾನಾದ್ದರಿಂದ ಅಷ್ಟು ಹೊಲಿಗೆ ಬಿಚ್ಚುವ ಮನಸ್ಸು ನನಗೂ ಇರಲಿಲ್ಲ.

ಬಸ್ಸಿನಲ್ಲಿ ಸುದ್ದಿ ಚೆನ್ನಾಗಿ ಓಡಿತು. ಕಾಣಿಯೂರಿನಿಂದ ಕಡಬದವರೆಗೆ ಇವರಿಗೆ ಮಧ್ಯಾಹ್ನದ ಡಾಕ್ಟ್ರು ಎಂಬ ಹೆಸರು ಬಿದ್ದಿದೆ ಎಂದು ಕಂಡಕ್ಟರನೇ ನಗುತ್ತಾ ಬಂದು ಹೇಳಿದ. ಆ ತಿಂಗಳು ರಿಪೇರಿಗೆ ಬರಬೇಕಾಗಿದ್ದ ಎರಡು ರೇಡಿಯೋ ಬರಲಿಲ್ಲ. ರೈಟರ ತಾಯಿ ಪೆಟ್ಟಿಗೆಯ ಹೆಸರಲ್ಲಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದರಂತೆ. ನಮ್ಮೊಡನೆ ಇದ್ದ ನನ್ನ ಅತ್ತೆಗೆ ಅದು ಗೊತ್ತಾಗಿ, ನಮ್ಮ ದೈವಕ್ಕೂ ಒಂದು ತೆಂಗಿನಕಾಯಿ ತೆಗೆದಿಟ್ಟರು. ದೈವಕ್ಕೆ ವಾಲ್ವಿನ ವಿಷಯ ಎಂತ ಗೊತ್ತು ಎಂದು ಇವರು ರೇಗಿದರು. ನಿನಗೆ ಗೊತ್ತುಂಟಲ್ಲ, ಎಂತ ಆಯಿತು ಎಂದು ಅತ್ತೆ ಕೇಳಿದರು. ಭಾವ ಒಂದು ದಿನ ನಮ್ಮ ಅಂಗಡಿಯ ಎದುರು ಹಾದುಹೋಗುವಾಗ ನಿಂತು, ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು, ಸರಿ ಮಾಡಿಸಿದ್ದೇನೆ ಎಂದಷ್ಟೇ ಹೇಳಿ ಮುಂದೆ ಹೋದರು. ಅವತ್ತು ಇವರು ಮಧ್ಯಾಹ್ನ ಊಟ ಮಾಡಲಿಲ್ಲ. ಮದುವೆಯಲ್ಲಿ ಪೆಟ್ಟಿಗೆ ಸುಮ್ಮನಾದರೆ ಮರುದಿನ ಬೆಳಿಗ್ಗೆ ಆ ಸ್ಟೂಲಿನಲ್ಲಿ ಕೂತು ಮೆಣಸು ಕಟ್ಟಬೇಕಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಮದುವೆಯ ಹಾಡು ಬೆಳಿಗ್ಗೆಯೇ ಎಂಬುದೂ ಗೊತ್ತಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮದುವೆಗೆ ನಾಲ್ಕು ದಿನ ಇರುವಾಗ ರೈಟರು ಬಂದರು. ಅದು ಆ ಚಳಿಗಾಲದ ಅತ್ಯಂತ ತಂಪಿನ ದಿನವಿರಬೇಕು. ಬಸ್ಸಿನ ಗಾಳಿಗೆ ಅವರ ಮೂಗು ಕೆಂಪಾಗಿತ್ತು. ಪೆಟ್ಟಿಗೆಯನ್ನು ಮುಟ್ಟಿ ನೋಡುವ ಆಸೆಯೂ ಅವರಿಗಿದ್ದ ಹಾಗೆ ಕಾಣಲಿಲ್ಲ. ಎರಡು ಸಲ ತಂತಿ ಮೀಟಿ, ಬಾವಿ ಕೇಳಿಸದೆ, ಗಿಟಾರನ್ನು ಗೋಡೆಗೆ ಒರಗಿಸಿ ತಲೆ ತಗ್ಗಿಸಿ ಕೂತರು. ಗಂಡಿನ ಕಡೆಯ ಮೈಕಿನವರ ಆಂಪ್ಲಿಫಯರನ್ನೇ ಕೇಳುತ್ತೇನೆ, ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಇವರು ಬೆಸುಗೆ ಹಾಕುವ ಸೋಲ್ಡರ್ ಕಡ್ಡಿಯನ್ನು ಒರೆಸುತ್ತಾ ನಿಂತರು. ಅದು ಬಿಸಿಯೂ ಇರಲಿಲ್ಲ.

ನಾನು ಕಾಫಿ ಹಿಡಿದು ಬಾಗಿಲಲ್ಲಿದ್ದೆ. ಮಾಡಿನ ಗಾಜಿನ ಹಂಚಿನಿಂದ ಬಿಸಿಲು ಸರಿಯಾಗಿ ರೈಟರ ತಲೆಯ ಮೇಲೆ ಬೀಳುತ್ತಿತ್ತು. ಕೂದಲಲ್ಲಿ ಅಕ್ಕಿ ತರಿ ಚೆಲ್ಲಿದ ಹಾಗೆ ಬಿಳಿ ಬಿಳಿ ಕಾಳುಗಳು. ಚಳಿಗಾಲದಲ್ಲಿ ಮೊದಲ ಬಸ್ಸಿನ ಗಂಡಸರ ತಲೆಯೆಲ್ಲ ಹಾಗೆಯೇ ಇರುತ್ತದೆ. ಬಾಟ್ಲಿಯಲ್ಲಿ ಗಟ್ಟಿಯಾದ ತೆಂಗಿನೆಣ್ಣೆಯನ್ನು ಕಡ್ಡಿಯಲ್ಲಿ ತೋಡಿ, ಅಂಗೈಯಲ್ಲಿ ಉಜ್ಜುವಷ್ಟು ಸಮಯವಿಲ್ಲದೆ ತಲೆಗೆ ಒತ್ತಿಕೊಂಡು ಓಡಿ ಬಂದಿರುತ್ತಾರೆ. ನನಗೆ ನಗು ಬಂತು. ಬಂದವರ ತಲೆ ನೋಡಿ ನಗಬಾರದೆಂದು ಕಣ್ಣನ್ನು ಬೇರೆ ಕಡೆ ಹೊರಳಿಸಿ, ಪುನಃ ನೋಡಿದೆ. ಬಿಸಿಲು ತಾಗಿದ ಕಾಳುಗಳು ಒಂದೊಂದಾಗಿ ಕರಗಿ ಕಾಣೆಯಾಗುತ್ತಿದ್ದವು. ನೋಡುತ್ತಾ ನಿಂತೆ. ಕಾಫಿ ಆರಿತು.

"ಇಕೊಳ್ಳಿ," ಎಂದೆ. "ದೀಪಾವಳಿ ಸಮಯ ಆ ಸ್ಪ್ರಿಂಗಿಗೆ ಎಂತ ಎಣ್ಣೆ ಹಾಕಿದ್ದು ನೀವು?"

"ಎಂತ ಎಣ್ಣೆ ಅಂದ್ರೆ? ಮನೆಯಲ್ಲಿ ಇರುದು."

"ಮನೆಯಲ್ಲಿ ಇರುದು ತೆಂಗಿನೆಣ್ಣೆ."

"ಮತ್ತೆ ತುಪ್ಪ ಹಾಕ್ಲಿಕ್ಕೆ ಆಗ್ತದಾ? ಈಗ ಅದು ಯಾಕೆ ನಿಂಗೆ, ಮಾರಾಯ್ತಿ?"

"ರೈಟ್ರ ತಲೆ ಒಮ್ಮೆ ನೋಡಿ."

ಇವರು ನೋಡಿದರು. ರೈಟರು ಗಾಬರಿಯಿಂದ ತಲೆಯ ಮೇಲೆ ಕೈ ಇಟ್ಟುಕೊಂಡು, ಕೈಯನ್ನು ನೋಡಿಕೊಂಡರು. ಆಮೇಲೆ ಇವರು ಬ್ಲೇಡು ತೆಗೆದುಕೊಂಡು, ನಾನು ಅಷ್ಟು ಗಟ್ಟಿಯಾಗಿ ಹೊಲಿದಿದ್ದ ಹೊಲಿಗೆಯನ್ನು ಉದ್ದಕ್ಕೆ ಸೀಳಿ, ತಟ್ಟೆಯನ್ನು ಮೇಜಿನ ಮೇಲೆ ಎಳೆದರು. ಸ್ಪ್ರಿಂಗುಗಳ ಸುತ್ತುಗಳ ನಡುವೆಲ್ಲ ಬೆಣ್ಣೆ ತುಂಬಿದ ಹಾಗೆ ಬೆಳ್ಳಗಿತ್ತು. ತುದಿಗಳಲ್ಲಿ ಆ ಸಾಸಿವೆಯಂಥ ಅಯಸ್ಕಾಂತಗಳು ಎಣ್ಣೆಯಲ್ಲಿ ಹೂತು ಕಾಣಿಸುತ್ತಲೇ ಇರಲಿಲ್ಲ. ನಡುಗಬೇಕಾದ್ದು ನಡುಗುವುದು ಹೇಗೆ? ಮಧ್ಯಾಹ್ನ ಸೆಕೆಗೆ ಕರಗಿ ನೀರಾಗುವುದು, ರಾತ್ರಿ ಪುನಃ ಗಟ್ಟಿಯಾಗುವುದು. ಇವರು ಬದಲಿಸಿದ ವಾಲ್ವು, ಕಂಡೆನ್ಸರ್ ಯಾವುದಕ್ಕೂ ಏನೂ ಆಗಿರಲಿಲ್ಲ.

ರೈಟರು ಬಗ್ಗಿ ನೋಡಿ, "ಇದಕ್ಕೆ ಒಂದು ಬಾಚಣಿಗೆ ಮಾತ್ರ ಬಾಕಿ, ಮಾರಾಯ್ರೆ," ಎಂದರು.

ನಾನು ನಕ್ಕೆ, ರೈಟರೂ ನಕ್ಕರು. ಇವರು ನಗಲಿಲ್ಲ. ಕಿವಿಯಿಂದ ಶುರುವಾಗಿ ಮುಖವಿಡೀ ಕೆಂಪಾಯಿತು. ಆಗ ನನಗೆ ನಾನು ಮಾಡಿದ್ದು ಏನೆಂದು ಗೊತ್ತಾಯಿತು. ಇಡೀ ಜಿಲ್ಲೆಯಲ್ಲಿ ಒಬ್ಬನೇ ಎಂದು ಹೇಳಿಕೊಂಡವರಿಗೆ, ಕೆಡಿಸಿದವನೂ ಅವನೇ ಎಂದು ಗಿರಾಕಿಯ ಎದುರಿಗೇ ತೋರಿಸಿಕೊಟ್ಟಿದ್ದೆ. ಒಳಗೆ ಕರೆದು ಹೇಳಬಹುದಿತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ. ಬಸ್ಸಿನ ಹಾರ್ನ್ ಕೇಳಿ ರೈಟರು ಎದ್ದರು. ಹೊರಡುವಾಗ ಇವರ ಹೆಗಲು ಮುಟ್ಟಿ, "ನಾನು ಯಾರಲ್ಲಿಯೂ ಹೇಳುದಿಲ್ಲ. ಕಂಡಕ್ಟರಿಗಂತೂ ಇಲ್ಲ," ಎಂದರು. ನನ್ನ ಕಡೆ ತಿರುಗಿ, "ಅಕ್ಕ, ಮದುವೆ ದಿನ ತಲೆಗೆ ಎಣ್ಣೆ ಹಾಕದೆ ಬರ್ತೇನೆ," ಎಂದರು.

ಆ ದಿನವಿಡೀ ಇವರು ನನ್ನೊಡನೆ ಮಾತಾಡಲಿಲ್ಲ. ಮಾತಾಡದೆ ಇರುವುದೆಂದರೆ ಅವರಿಗೆ ಬಹಳ ಕಷ್ಟದ ಕೆಲಸ. ಉಪ್ಪು ಬೇಕಾದಾಗ ಅತ್ತೆಯ ಮೂಲಕ ಕೇಳಿದರು. ಸಂಜೆ ಟ್ಯಾಕ್ಸಿಯವರಿಂದ ಒಂದು ಬಾಟ್ಲಿ ಪೆಟ್ರೋಲ್ ತಂದು, ಮರುದಿನ ಹಿತ್ತಲಲ್ಲಿ ತಟ್ಟೆಯನ್ನಿಟ್ಟು ತೊಳೆಯಲು ಕೂತರು. ಪುಕ್ಕದಲ್ಲಿ ಪೆಟ್ರೋಲ್ ಅದ್ದಿ ಅದ್ದಿ ಒಂದೊಂದು ಸುತ್ತನ್ನೂ ತೊಳೆಯಬೇಕು, ಸ್ಪ್ರಿಂಗನ್ನು ಎಳೆಯಬಾರದು, ಬೀಡಿ ಸೇದಬಾರದು. ಮೂರರಲ್ಲಿ ಯಾವುದೂ ಅವರಿಗೆ ಒಗ್ಗಿದ ಕೆಲಸವಲ್ಲ. ಸ್ವಲ್ಪ ಹೊತ್ತಿನಲ್ಲಿ ಟಿಂಗ್ ಎಂದು ಸಣ್ಣ ಸದ್ದು ಬಂತು, ಹಿಂದೆಯೇ ಆ ಸ್ಪ್ರಿಂಗಿನ ವಂಶದವರೆಲ್ಲರ ಸಮಾಚಾರವೂ ಬಂತು. ನಾನು ಹೋಗಿ ನೋಡಿದೆ. ತುಕ್ಕು ಹಿಡಿದ ಕಡೆಯಲ್ಲಿ ಒಂದು ಸ್ಪ್ರಿಂಗಿನ ಕೊಕ್ಕೆ ತುಂಡಾಗಿತ್ತು. ಕೂದಲೆಳೆಯಷ್ಟು ತೆಳು. ಇವರ ಬೆರಳುಗಳು ಮೈಕಿನ ಕೊಂಬುಗಳನ್ನು ಮಾಡಿಗೆ ಬಿಗಿಯುವ ಬೆರಳುಗಳು, ಆ ಕೊಕ್ಕೆ ಅವುಗಳ ನಡುವೆ ನಿಲ್ಲುತ್ತಲೇ ಇರಲಿಲ್ಲ.

ನಾನು ಕೇಳದೆಯೇ ಪಕ್ಕದಲ್ಲಿ ಕೂತೆ. ರೈಟರು ಬಿಟ್ಟುಹೋಗಿದ್ದ ಗಿಟಾರಿನ ಹಳೆಯ ತೆಳು ತಂತಿಯಿಂದ ಒಂದು ತುಂಡನ್ನು ಇವರು ಕತ್ತರಿಸಿಕೊಟ್ಟರು. ಅದನ್ನು ಸೂಜಿಯ ಮೊನೆಗೆ ಸುತ್ತಿ ನಾನು ಕೊಕ್ಕೆ ಮಾಡಿದೆ. ಮೂರು ಹಾಳಾದವು, ನಾಲ್ಕನೆಯದು ಕೂತಿತು. ಅಷ್ಟೂ ಹೊತ್ತು ಇವರು ಉಸಿರು ಹಿಡಿದು ಇಕ್ಕಳದಲ್ಲಿ ತುದಿಯನ್ನು ಹಿಡಿದಿದ್ದರು. ಕೊಕ್ಕೆ ಕೂತ ಮೇಲೂ ಮಾತಾಡಲಿಲ್ಲ. ಪೆಟ್ರೋಲಿನ ವಾಸನೆಗೆ ನನ್ನ ತಲೆ ಸಿಡಿಯುತ್ತಿತ್ತು. ಆದರೆ ಎದ್ದು ಹೋಗಬೇಕೆಂದು ಅನ್ನಿಸಲಿಲ್ಲ.

ಆ ರಾತ್ರಿ ತಟ್ಟೆಯನ್ನು ಮನೆಯೊಳಗಿಡದೆ ಹಿತ್ತಲ ಜಗಲಿಯಲ್ಲಿ ಇಬ್ಬನಿ ಬೀಳದ ಕಡೆ ಇಟ್ಟರು. ತಂಪು ಎಷ್ಟು ತಾಗಬೇಕೋ ಅಷ್ಟು ತಾಗಲಿ ಎಂದು. ಮರುದಿನ ಆರೂವರೆಗೆ ನಾನು ನೀರು ಚಿಮುಕಿಸುವ ಮೊದಲೇ ಎದ್ದು ಅಂಗಡಿಯಲ್ಲಿದ್ದರು. ನಮ್ಮ ಸಂಸಾರದಲ್ಲಿ ಅಂಥದ್ದು ಆಮೇಲೆ ನಾಲ್ಕೈದು ಸಲ ಆಗಿರಬಹುದು. ತಟ್ಟೆ ಜೋಡಿಸಿ ಗಿಟಾರನ್ನು ನನ್ನ ಕೈಗೆ ಕೊಟ್ಟು, ಬಾರಿಸು ಎಂದು ಗದ್ದದಲ್ಲಿ ಸನ್ನೆ ಮಾಡಿದರು. ನನಗೆ ಗಿಟಾರ್ ಹಿಡಿಯಲು ಎಲ್ಲಿ ಬರುತ್ತದೆ? ಮೊರ ಹಿಡಿದ ಹಾಗೆ ಹಿಡಿದು ಒಂದು ದಪ್ಪ ತಂತಿ ಮೀಟಿದೆ. ಸದ್ದು ಕೋಣೆಯ ಆಚೆ, ಓಣಿಯ ಆಚೆ, ಎಲ್ಲೋ ದೊಡ್ಡ ಗುಹೆಗೆ ಹೋಗಿ ಸುತ್ತಾಡಿ ನಿಧಾನಕ್ಕೆ ವಾಪಸ್ ಬಂತು. ಇವರು ಪೆಟ್ಟಿಗೆಯ ಮೇಲೆ ಗುದ್ದಿದರು. ಗುಡುಗು ಬಂತು. ಪಕ್ಕದ ಮನೆಯ ಮುದುಕಿಯ ಬಾಗಿಲು ತೆರೆದ ಸದ್ದೂ ಬಂತು.

ಮದುವೆಯ ದಿನ ಏಳು ಗಂಟೆಗೇ ಹಾಲಿನಲ್ಲಿ ಎಲ್ಲವನ್ನೂ ಕಟ್ಟಿ ಆಗಿತ್ತು. ಹಿಂದಿನ ದಿನ ರೈಟರ ಮನೆಯಲ್ಲಿ ರೋಸ್, ಅಂದರೆ ಮದುಮಗಳಿಗೆ ತೆಂಗಿನಹಾಲು, ಎಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರ. ಮದುಮಗಳಿಗೆ ಮುಗಿದ ಮೇಲೆ ಸಿಕ್ಕಿದವರಿಗೆಲ್ಲ ಹಚ್ಚುತ್ತಾರೆ. ರೈಟರು ಕೋಟು ಹಾಕಿಕೊಂಡು ತೆಂಗಿನಕಾಯಿಯ ವಾಸನೆ ಬೀರುತ್ತಾ ಬಂದು ಪೆಟ್ಟಿಗೆಯ ಗುಂಡಿಗೆ ಕೈ ಚಾಚಿದ್ದೇ ತಡ, ಇವರು ಅಡ್ಡ ನಿಂತರು. "ರೈಟ್ರೇ, ಸೋಪ್ ಹಾಕಿ ಕೈ ತೊಳ್ದು ಬನ್ನಿ," ಎಂದರು. ಮದುಮಗಳ ಅಣ್ಣ ಹೋಗಿ ಕೈ ತೊಳೆದು ಬಂದರು.

ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದೆ. ಮಂಗಳೂರಿನ ಬ್ಯಾಂಡು ಒಂದು ಸುತ್ತು ಮುಗಿಸಿದ ಮೇಲೆ ರೈಟರು ಎದ್ದರು. ಗಂಡಿನ ಕಡೆಯ ಬೆಂಚಿನಲ್ಲಿ ಒಂದಿಬ್ಬರು ಮೊಣಕೈಯಿಂದ ತಿವಿದುಕೊಂಡದ್ದು ನನಗೆ ಕಾಣಿಸಿತು. ಇವರು ಆಂಪ್ಲಿಫಯರಿನ ಹಿಂದೆ, ಹರಕೆ ಹೊತ್ತವರ ಹಾಗೆ ಕೈಕಟ್ಟಿ ನಿಂತಿದ್ದರು. ರೈಟರು ಮೊದಲ ತಂತಿ ಮೀಟಿದರು. ಹಂಚಿನ ಮಾಡಿನ ಆ ಹಾಲ್ ನಾಲ್ಕು ಪಾಲು ದೊಡ್ಡದಾಯಿತು. ಊಟದ ಎಲೆ ಹಾಕುತ್ತಿದ್ದವರು ನಿಂತು ನೋಡಿದರು. ರೈಟರ ಬೆರಳುಗಾರಿಕೆ ದೊಡ್ಡದೇನೂ ಅಲ್ಲ, ಎರಡು ಕಡೆ ತಪ್ಪಿದ್ದು ನನಗೇ ಗೊತ್ತಾಯಿತು. ಆದರೆ ಬಾವಿಯೊಳಗೆ ತಪ್ಪಿದರೆ ತಪ್ಪೂ ಚೆನ್ನಾಗಿಯೇ ಕೇಳುತ್ತದೆ.

ಎರಡು ಹಾಡು ಎಂದದ್ದು ಐದಾಯಿತು. ಮುಗಿದ ಮೇಲೆ ಮಂಗಳೂರಿನ ಮೈಕಿನವರೇ ಎದ್ದು ಬಂದು ಪೆಟ್ಟಿಗೆಯ ಸುತ್ತ ನೋಡಿ, ಇದು ಕೆಟ್ಟಿತ್ತು ಎಂದು ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದರು, ಎಂತ ತೊಂದರೆ ಇತ್ತು ಎಂದು ಕೇಳಿದರು. ಸುತ್ತ ಹತ್ತು ಹದಿನೈದು ಜನ. ಭಾವನೂ ಇದ್ದರು, ಊಟಕ್ಕೆ ಕರೆದಿದ್ದರು.

"ವಾಲ್ವು," ಎಂದರು ನನ್ನ ಗಂಡ.

ಕಣ್ಣು ಮಿಟುಕಿಸಲಿಲ್ಲ. ರೈಟರು ಗಿಟಾರ್ ಕೊರಳಲ್ಲಿ ಹಾಕಿಕೊಂಡೇ ಪಕ್ಕದಲ್ಲಿ ನಿಂತಿದ್ದರು, ಹೌದು ವಾಲ್ವು ಎಂಬಂತೆ ತಲೆಯಾಡಿಸಿದರು. ಇಗರ್ಜಿಯಿಂದ ಈಗಷ್ಟೇ ಬಂದ ಮನುಷ್ಯ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಎಲೆಯಲ್ಲಿದ್ದ ಸಿಹಿಯನ್ನು ನೋಡಿಕೊಂಡೆ. ಮಂಗಳೂರಿನವರು ಹೌದು ಹೌದು, ಈ ಮಾದರಿಯಲ್ಲಿ ವಾಲ್ವಿನದ್ದೇ ತೊಂದರೆ ಎಂದು ಒಪ್ಪಿದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಭಾವನ ಅಂಗಡಿಯ ಆ ಸ್ಟೂಲಿನ ಮೇಲೆ ಬೆಲ್ಲದ ಡಬ್ಬಿ ಬಂದು ಕೂತಿತ್ತು.

ಸಾಮಾನನ್ನೆಲ್ಲ ಕೈಗಾಡಿಯಲ್ಲಿ ಹಾಕಿ ನಾವು ಮನೆಗೆ ನಡೆದೆವು. ಇವರು ಮುಂದೆ ಎಳೆಯುತ್ತಿದ್ದರು, ನಾನು ಹಿಂದೆ ಕೊಂಬು ಬೀಳದ ಹಾಗೆ ಹಿಡಿದುಕೊಂಡಿದ್ದೆ. ನಾಲ್ಕು ದಿನದ ಮೇಲೆ ಅವರು ನನ್ನೊಡನೆ ಮಾತಾಡಿದರು. ತಿರುಗಿ ನೋಡದೆ ಹೇಳಿದರು.

"ಇನ್ನು ಎಂತ ಬಿಚ್ಚಿದ್ರೂ, ಮುಚ್ಚುವ ಮೊದಲು ನೀನು ಒಮ್ಮೆ ನೋಡ್ಬೇಕು."

"ನಂಗೆ ಎಂತ ಗೊತ್ತು?"

"ಗೊತ್ತಿಲ್ಲದವರೇ ನೋಡ್ಬೇಕು."

ಹಾಗೆ ಶುರುವಾಯಿತು. ಕೈಯಲ್ಲಿ ಹಿಟ್ಟಿರಲಿ, ಸೋಪಿರಲಿ, ಎದುರು ಕೋಣೆಯಿಂದ ಕರೆ ಬಂದರೆ ಹೋಗಬೇಕು. ತೆರೆದ ರೇಡಿಯೋದೊಳಗೆ ಬಗ್ಗಿ ನೋಡಬೇಕು. ನಾನು ಕಂಡದ್ದನ್ನು ಹೇಳುತ್ತಿದ್ದೆ: ಹಲ್ಲಿಯ ಮೊಟ್ಟೆ ಉಂಟು, ಆ ಕೆಂಪು ತಂತಿ ಸುಟ್ಟ ಹಾಗೆ ಉಂಟು, ಇಲ್ಲಿ ಇರುವೆ ಸಾಲು ಉಂಟು. ಹತ್ತರಲ್ಲಿ ಒಂಬತ್ತು ಸಲ ಅದರಿಂದ ಏನೂ ಉಪಯೋಗವಿರಲಿಲ್ಲ. ಅವರು ಹೂಂ ಎಂದು ಕೇಳಿ, ನಿನ್ನ ಇರುವೆಯೇ, ಹೋಗು ಎಂದು ಬೈದು ಮುಚ್ಚುತ್ತಿದ್ದರು. ಆದರೆ ಕರೆಯದೆ ಒಂದನ್ನೂ ಮುಚ್ಚಲಿಲ್ಲ. ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ಮನೆ ಬದಲಾಯಿತು, ಅವರಿಗೆ ಕನ್ನಡಕ ಬಂತು, ಆಮೇಲೆ ನನಗೂ ಬಂತು, ಕರೆಯುವುದು ಮಾತ್ರ ನಿಲ್ಲಲಿಲ್ಲ. ಆ ವಾಲ್ವಿನ ಕತೆಯನ್ನೂ ಅವರು ಬಿಡಲಿಲ್ಲ. ನನ್ನ ಎದುರಿಗೇ ಹೇಳುತ್ತಿದ್ದರು, ಪ್ರತಿ ಸಲ ವಾಲ್ವು ಸ್ವಲ್ಪ ಇನ್ನೂ ದೂರದಿಂದ ಬರುತ್ತಿತ್ತು. ಕೊನೆಯ ಸಲ ಕೇಳಿದಾಗ ಅದು ಜರ್ಮನಿಯಿಂದ ಬಂದಿತ್ತು.

ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಮೇಜಿನ ಮೇಲೆ ಒಂದು ರೇಡಿಯೋ ತೆರೆದಿತ್ತು. ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅದರ ಎದುರು ಕೂತು, ಕನ್ನಡಕ ಹಾಕಿಕೊಂಡು, ಒಳಗೆ ಬಗ್ಗಿ ಸರಿಯಾಗಿ ನೋಡಿದೆ. ಧೂಳು ಇತ್ತು. ಬೇರೇನೂ ಕಾಣಲಿಲ್ಲ. ಧೂಳು ಉಂಟು, ಎಂದು ಹೇಳಿದೆ. ಆಮೇಲೆ ಮುಚ್ಚಳ ಇಟ್ಟು ಸ್ಕ್ರೂ ಬಿಗಿದೆ. ಎಲ್ಲ ಬಿಗಿದ ಮೇಲೂ ಎರಡು ಸ್ಕ್ರೂ ಉಳಿದವು. ಅವರು ಮುಚ್ಚಿದಾಗಲೂ ಹಾಗೆಯೇ ಉಳಿಯುತ್ತಿದ್ದವು.